ಎರಡು ಸೆರೆಮನೆಗಳು: ಲಾರೆನ್ಸ್ ಮತ್ತು ಲೀ ಅವರ ಚಾರಿತ್ರಿಕ ನಾಟಕಗಳನ್ನು ಕುರಿತು

ಕೆಲವು ವರ್ಷಗಳ ಹಿಂದೆ ಅಮೆರಿಕಾ ಚರಿತ್ರೆಯ ಉತ್ತರಪತ್ರಿಕೆಗಳನ್ನು ನೋಡುತ್ತಿದ್ದಾಗ ಹಲವು ವಿದ್ಯಾರ್ಥಿಗಳು ಒಂದೇ ಬಗೆಯ ತಪ್ಪನ್ನು ಮಾಡಿದ್ದುದು ನಮ್ಮ ಕಣ್ಣಿಗೆ ಬಿದ್ದಿತು. 1925ರಲ್ಲಿ ಟೆನೆಸಿ ಸಂಸ್ಥಾನದ ಡೇಟನ್ ಎಂಬ ಊರಿನಲ್ಲಿ, ವಿಕಾಸವಾದವನ್ನು ಪಾಠ ಹೇಳಿದನೆಂಬ ಆರೋಪಕ್ಕೆ ಗುರಿಯಾದ ಉಪಾಧ್ಯಾಯ ಜಾನ್ ಸ್ಕೋಪ್ಸ್ ಸೆರೆಮನೆಯಲ್ಲಿದ್ದನೆಂದೂ, ಊರಿನವರೆಲ್ಲ ಅವನ ಮೇಲೆ ಕತ್ತಿ ಮಸೆಯುತ್ತಿದ್ದರೆಂದೂ, ಅವನ ವಿರುದ್ಧ ವಾದಿಸಿದ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ನ್ಯಾಯಸ್ಥಾನದಲ್ಲಿಯೇ ಕುಸಿದುಬಿದ್ದು ಪ್ರಾಣ ಬಿಟ್ಟನೆಂದೂ ಅವರು ಬರೆದಿದ್ದರು. ಈ ಮೂರರಲ್ಲಿ ಒಂದೂ ನಡೆದದ್ದಲ್ಲ. ಕೆಂಪು ಶಾಯಿಯಿಂದ ಗೆರೆ ಎಳೆಯಹೊರಟ ನಮಗೆ ಥಟ್ಟನೆ ಒಂದು ಸಂಗತಿ ನೆನಪಾಯಿತು. ಪಾಠಕ್ಕೆ ಸ್ವಲ್ಪ ಜೀವ ಬರಲೆಂದು 'ಇನ್‌ಹೆರಿಟ್ ದಿ ವಿಂಡ್' ನಾಟಕವನ್ನು ತರಗತಿಯಲ್ಲಿ ಓದಿಸಿದವರು ನಾವೇ. ವಿದ್ಯಾರ್ಥಿಗಳು ಹೆಸರುಗಳನ್ನು ಮಾತ್ರ ಸರಿಪಡಿಸಿಕೊಂಡು, ಉಳಿದುದನ್ನೆಲ್ಲ ನಾಟಕದಿಂದ ಹಾಗೆಯೇ ಎತ್ತಿಕೊಂಡಿದ್ದರು. ತಪ್ಪು ಯಾರದೆಂಬ ಪ್ರಶ್ನೆ ಅಂದಿನಿಂದ ನಮ್ಮನ್ನು ಕಾಡುತ್ತಿದೆ. ಪ್ರಸ್ತುತ ಲೇಖನ ಅದರ ಫಲ.

ಆ ನಾಟಕವನ್ನು ಬರೆದವರು ಜೆರೋಮ್ ಲಾರೆನ್ಸ್ (1915–2004) ಮತ್ತು ರಾಬರ್ಟ್ ಇ. ಲೀ (1918–1994) ಎಂಬ ಇಬ್ಬರು. ಎರಡನೆಯವರ ಹೆಸರನ್ನು ಕಂಡು ಅಮೆರಿಕಾದ ಅಂತರ್ಯುದ್ಧದ ಸೇನಾನಿಯನ್ನು ನೆನೆಯುವ ಅಗತ್ಯವಿಲ್ಲ. ಇಬ್ಬರೂ ಒಹಾಯೋ ಸಂಸ್ಥಾನದವರೇ. ಒಬ್ಬರು ಕ್ಲೀವ್‌ಲೆಂಡ್ ನಗರದವರು, ಇನ್ನೊಬ್ಬರು ಅದಕ್ಕೆ ಹತ್ತಿರದ ಎಲಿರಿಯಾದವರು. ಆದರೂ ಅವರ ಪರಿಚಯವಾದದ್ದು 1942ರಲ್ಲಿ, ದೂರದ ನ್ಯೂಯಾರ್ಕ್‌ನಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ಏರ್ಪಟ್ಟ ರೇಡಿಯೋ ಸೇವೆಯ ಸ್ಥಾಪಕರಲ್ಲಿ ಅವರೂ ಸೇರಿದ್ದರು. ಯುದ್ಧ ಮುಗಿದ ಮೇಲೆಯೂ ಹಲವು ವರ್ಷ ರೇಡಿಯೋ ನಾಟಕಗಳೇ ಅವರ ಜೀವನೋಪಾಯವಾಗಿದ್ದುವು. ಅರ್ಧ ಗಂಟೆಯಲ್ಲಿ ಒಂದು ಪ್ರಸಿದ್ಧ ಕಥೆಯನ್ನು ಕೇವಲ ಧ್ವನಿಗಳಿಂದ ಕೇಳುಗರ ಕಣ್ಣ ಮುಂದೆ ನಿಲ್ಲಿಸುವ ಆ ಅಭ್ಯಾಸ ಮುಂದೆ ಅವರಿಗೆ ಬಹಳವಾಗಿ ಉಪಯೋಗಕ್ಕೆ ಬಂದಿತೆಂದು ನಮ್ಮ ಎಣಿಕೆ. ಅವರ ನಾಟಕಗಳಲ್ಲಿ ಗುಂಪಿನ ಗದ್ದಲ, ಹಾಡು, ಹೊರಗಿನಿಂದ ಬರುವ ಕೂಗು ಇವು ಪಾತ್ರಗಳಷ್ಟೇ ಕೆಲಸ ಮಾಡುತ್ತವೆ.

ಇಬ್ಬರು ಕೂಡಿ ಬರೆಯುವುದು ಕಾದಂಬರಿಯಲ್ಲಿ ಅಪರೂಪ, ಕಾವ್ಯದಲ್ಲಿ ಇನ್ನೂ ಅಪರೂಪ. ರಂಗಭೂಮಿಯಲ್ಲಿ ಮಾತ್ರ ಅದು ಹಳೆಯ ರೂಢಿ. ಷೇಕ್ಸ್‌ಪಿಯರನೇ ತನ್ನ ಕೊನೆಯ ವರ್ಷಗಳಲ್ಲಿ ಎಂಟನೆಯ ಹೆನ್ರಿಯ ಚರಿತ್ರೆಯನ್ನು ಫ್ಲೆಚರನೊಡನೆ ಕೂಡಿ ಬರೆದನೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಲಾರೆನ್ಸ್ ಮತ್ತು ಲೀ ತಮ್ಮ ನಡುವೆ ಒಂದು ನಿಯಮವನ್ನಿಟ್ಟುಕೊಂಡಿದ್ದರು. ಒಬ್ಬನು ಬರೆದುದನ್ನು ಇನ್ನೊಬ್ಬನು ತಳ್ಳಿಹಾಕಬಹುದು, ಆದರೆ ಹಾಗೆ ತಳ್ಳಿಹಾಕಿದವನು ಅದಕ್ಕಿಂತ ಮೇಲಾದುದನ್ನು ಕೊಡಬೇಕು. ಹೀಗೆ ಪ್ರತಿಯೊಂದು ಮಾತೂ ಇಬ್ಬರ ಒರೆಗಲ್ಲಿನ ಮೇಲೆ ಉಜ್ಜಿಸಿಕೊಂಡು ಬರಬೇಕಾಗಿತ್ತು. ಒಂದು ಮೊಕದ್ದಮೆಯನ್ನು ನಾಟಕಕ್ಕೆ ವಸ್ತುವಾಗಿ ಆರಿಸಿಕೊಂಡವರಿಗೆ ಇದಕ್ಕಿಂತ ಉಚಿತವಾದ ಕ್ರಮ ಇರಲಾರದು. ಆದರೆ ಈ ಕ್ರಮದಲ್ಲಿ ಒಂದು ಅಪಾಯವೂ ಉಂಟು. ರಂಗದ ಮೇಲೆ ಯಾವುದು ಮೇಲಾಗಿ ಕಾಣುವುದು ಎಂಬುದೇ ಒರೆಗಲ್ಲಾದಾಗ, ಯಾವುದು ನಡೆದದ್ದು ಎಂಬ ಪ್ರಶ್ನೆ ಕೇಳುವ ಮೂರನೆಯವನು ಆ ಕೋಣೆಯಲ್ಲಿರುವುದಿಲ್ಲ.

ಇನ್ನು ಡೇಟನ್ನಿನಲ್ಲಿ ನಡೆದದ್ದೇನೆಂಬುದನ್ನು ನೋಡೋಣ. 1925ರ ಮಾರ್ಚ್ ತಿಂಗಳಿನಲ್ಲಿ ಟೆನೆಸಿಯ ಶಾಸನಸಭೆ ಅಂಗೀಕರಿಸಿದ ಮಸೂದೆಗೆ ಗವರ್ನರನ ಸಹಿ ಬಿದ್ದು ಒಂದು ಕಾಯಿದೆ ಜಾರಿಗೆ ಬಂದಿತು. ಅದನ್ನು ಮಂಡಿಸಿದ ರೈತ ಪ್ರತಿನಿಧಿ ಬಟ್ಲರನ ಹೆಸರಿನಿಂದಲೇ ಅದು ಪ್ರಸಿದ್ಧವಾಗಿದೆ. ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ, ಬೈಬಲ್ ಹೇಳುವ ಮಾನವಸೃಷ್ಟಿಯ ವೃತ್ತಾಂತವನ್ನು ನಿರಾಕರಿಸಿ ಮನುಷ್ಯನು ಕೆಳವರ್ಗದ ಪ್ರಾಣಿಗಳಿಂದ ಬಂದವನೆಂದು ಬೋಧಿಸುವುದು ಅಪರಾಧ. ಶಿಕ್ಷೆ 100ರಿಂದ 500 ಡಾಲರುಗಳವರೆಗೆ ಜುಲ್ಮಾನೆ. ಸೆರೆವಾಸದ ಮಾತು ಆ ಕಾಯಿದೆಯಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಪೌರಸ್ವಾತಂತ್ರ್ಯದ ರಕ್ಷಣೆಗಾಗಿ ನ್ಯೂಯಾರ್ಕ್‌ನಲ್ಲಿ ಸ್ಥಾಪಿತವಾಗಿದ್ದ ಸಂಸ್ಥೆಯೊಂದು, ಈ ಕಾಯಿದೆಯನ್ನು ಪರೀಕ್ಷಿಸಲು ಒಪ್ಪುವ ಉಪಾಧ್ಯಾಯನಿದ್ದರೆ ಅವನ ಖರ್ಚನ್ನು ತಾನು ವಹಿಸುವುದಾಗಿ ಪತ್ರಿಕೆಗಳಲ್ಲಿ ಪ್ರಕಟಿಸಿತು. ಡೇಟನ್ನಿನ ಕಬ್ಬಿಣ ಕಲ್ಲಿದ್ದಲು ಕಂಪನಿಯ ವ್ಯವಸ್ಥಾಪಕನಾಗಿದ್ದ ಜಾರ್ಜ್ ರ‍್ಯಾಪಲ್ಯೇ ಈ ಪ್ರಕಟಣೆಯನ್ನು ಓದಿದನು. ಊರಿನ ವ್ಯಾಪಾರ ಕುಗ್ಗಿದ್ದ ಕಾಲ ಅದು. ಈ ಮೊಕದ್ದಮೆ ನಮ್ಮಲ್ಲಿಯೇ ನಡೆದರೆ ಊರಿಗೆ ಹೆಸರೂ ಬರುವುದು, ಜನವೂ ಬರುವುದು ಎಂದು ರಾಬಿನ್ಸನ್ನನ ಔಷಧದ ಅಂಗಡಿಯಲ್ಲಿ ಕುಳಿತು ಊರಿನ ಪ್ರಮುಖರೊಡನೆ ಆಲೋಚಿಸಿದನು. ಆ ರಾಬಿನ್ಸನ್ ಅಲ್ಲಿನ ಶಾಲಾ ಮಂಡಳಿಯ ಅಧ್ಯಕ್ಷನೂ ಹೌದು.

ಹೇಳಿಕಳುಹಿಸಿ ಕರೆಸಿದ ಸ್ಕೋಪ್ಸ್ ಇಪ್ಪತ್ತನಾಲ್ಕು ವರ್ಷದ ತರುಣ. ಸಾಮಾನ್ಯ ವಿಜ್ಞಾನದ ಉಪಾಧ್ಯಾಯ, ಶಾಲೆಯ ಕಾಲ್ಚೆಂಡಿನ ತಂಡಕ್ಕೆ ತರಬೇತಿಗಾರ. ಜೀವಶಾಸ್ತ್ರವನ್ನು ಅವನು ಹೇಳಿಕೊಟ್ಟದ್ದು ಕಾಯಿಲೆಯಾಗಿದ್ದವರ ಬದಲಿಗೆ, ಕೆಲವು ದಿನ ಮಾತ್ರ. ವಿಕಾಸವಾದದ ಪಾಠವನ್ನು ತಾನು ನಿಜವಾಗಿ ಮಾಡಿದ್ದೆನೇ ಎಂಬುದು ಅವನಿಗೇ ಖಚಿತವಾಗಿರಲಿಲ್ಲ. ಸರ್ಕಾರವೇ ಗೊತ್ತುಮಾಡಿದ್ದ ಹಂಟರನ 'ಸಿವಿಕ್ ಬಯಾಲಜಿ' ಎಂಬ ಪಠ್ಯಪುಸ್ತಕದಲ್ಲಿ ಆ ವಿಷಯವಿದೆ, ಅದನ್ನು ಬಿಟ್ಟು ಜೀವಶಾಸ್ತ್ರವನ್ನು ಕಲಿಸುವುದು ಹೇಗೆ ಎಂದು ಹೇಳಿ, ಆರೋಪಿಯಾಗಲು ಒಪ್ಪಿದನು. ಇಲ್ಲಿ ಧೈರ್ಯವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅದು ಔಷಧದ ಅಂಗಡಿಯಲ್ಲಿ ಕುಳಿತು ನಗುನಗುತ್ತ ಒಪ್ಪಿಕೊಂಡ ಧೈರ್ಯ. ಬೇಟೆಗೆ ಸಿಕ್ಕಿದವನ ಧೈರ್ಯವಲ್ಲ.

ವಿಚಾರಣೆ ಜುಲೈ 10ರಿಂದ 21ರವರೆಗೆ ನಡೆಯಿತು. ಮೂರು ಸಲ ರಾಷ್ಟ್ರಾಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತ, ವಿಲ್ಸನ್ನನ ಮಂತ್ರಿಮಂಡಲದಲ್ಲಿ ವಿದೇಶಾಂಗ ಮಂತ್ರಿಯಾಗಿದ್ದ ಬ್ರಯನ್ ಸರ್ಕಾರದ ಪರವಾಗಿ ಬಂದನು. ದೇಶದಲ್ಲೆಲ್ಲ ಹೆಸರಾಂತ ವಕೀಲನಾದ ಕ್ಲಾರೆನ್ಸ್ ಡ್ಯಾರೋ ಆರೋಪಿಯ ಪರವಾಗಿ ನಿಂತನು. ಷಿಕಾಗೋವಿನ ರೇಡಿಯೋ ನಿಲಯ ಕಲಾಪಗಳನ್ನು ನೇರವಾಗಿ ಪ್ರಸಾರ ಮಾಡಿತು. ವಿಜ್ಞಾನಿಗಳ ಸಾಕ್ಷ್ಯವನ್ನು ಜ್ಯೂರಿಯ ಮುಂದೆ ತರಲು ನ್ಯಾಯಾಧೀಶ ರಾಲ್‌ಸ್ಟನ್ ಅವಕಾಶ ಕೊಡದಿದ್ದಾಗ, ಜುಲೈ 20ರಂದು ಡ್ಯಾರೋ ಬ್ರಯನ್ನನನ್ನೇ ಬೈಬಲಿನ ತಜ್ಞನೆಂದು ಸಾಕ್ಷಿಯಾಗಿ ಕರೆದನು. ನ್ಯಾಯಸ್ಥಾನದ ಹೊರಗಿನ ಹುಲ್ಲುಹಾಸಿನ ಮೇಲೆ, ಮರಗಳ ನೆರಳಿನಲ್ಲಿ, ಜ್ಯೂರಿಯವರನ್ನು ದೂರವಿಟ್ಟು ನಡೆದ ಆ ಸವಾಲು ಜವಾಬು ಜಗತ್ಪ್ರಸಿದ್ಧವಾಗಿದೆ. ಮರುದಿನ ನ್ಯಾಯಾಧೀಶನು ಅದಷ್ಟನ್ನೂ ದಾಖಲೆಯಿಂದ ತೆಗೆಯಿಸಿದನು. ಮೇಲಿನ ನ್ಯಾಯಸ್ಥಾನಕ್ಕೆ ಹೋಗುವ ಉದ್ದೇಶದಿಂದ ಡ್ಯಾರೋವೇ ತನ್ನ ಕಕ್ಷಿ ಅಪರಾಧಿಯೆಂದು ತೀರ್ಮಾನಿಸುವಂತೆ ಜ್ಯೂರಿಯನ್ನು ಕೇಳಿಕೊಂಡದ್ದರಿಂದ, ಒಂಬತ್ತು ನಿಮಿಷಗಳಲ್ಲಿ ತೀರ್ಮಾನ ಹೊರಬಿದ್ದಿತು. ಜುಲ್ಮಾನೆ 100 ಡಾಲರು. ಅದನ್ನು ತಾನು ಕೊಡುವೆನೆಂದು ಬ್ರಯನ್ ಮೊದಲೇ ಹೇಳಿದ್ದುಂಟು! ಐದು ದಿನಗಳ ತರುವಾಯ, ಜುಲೈ 26ರ ಭಾನುವಾರ ಮಧ್ಯಾಹ್ನ, ಬ್ರಯನ್ ಡೇಟನ್ನಿನಲ್ಲಿಯೇ ನಿದ್ರೆಯಲ್ಲಿ ತೀರಿಕೊಂಡನು. 1927ರಲ್ಲಿ ಟೆನೆಸಿಯ ಶ್ರೇಷ್ಠ ನ್ಯಾಯಾಲಯ, 50 ಡಾಲರಿಗೆ ಮೇಲ್ಪಟ್ಟ ಜುಲ್ಮಾನೆಯನ್ನು ವಿಧಿಸಬೇಕಾದದ್ದು ಜ್ಯೂರಿಯೇ ಹೊರತು ನ್ಯಾಯಾಧೀಶನಲ್ಲವೆಂಬ ತಾಂತ್ರಿಕ ಕಾರಣದಿಂದ ತೀರ್ಪನ್ನು ರದ್ದುಮಾಡಿತು. ಕಾಯಿದೆ ಮಾತ್ರ 1967ರವರೆಗೆ ಉಳಿದುಕೊಂಡಿತು.

ಲಾರೆನ್ಸ್ ಮತ್ತು ಲೀ ಈ ವಸ್ತುವನ್ನು ಕೈಗೆತ್ತಿಕೊಂಡದ್ದು ಘಟನೆ ನಡೆದು ಇಪ್ಪತ್ತೈದು ವರ್ಷಗಳಾದ ಮೇಲೆ. ಅದು ಸೆನೆಟರ್ ಮೆಕಾರ್ಥಿಯ ಕಾಲ. ಕಮ್ಯೂನಿಸ್ಟರೆಂಬ ಸಂಶಯಕ್ಕೆ ಸಿಕ್ಕಿದ ಉಪಾಧ್ಯಾಯರು, ಬರೆಹಗಾರರು, ನಟರು ವಿಚಾರಣಾ ಸಮಿತಿಗಳ ಮುಂದೆ ನಿಂತು ತಮ್ಮ ಗೆಳೆಯರ ಹೆಸರುಗಳನ್ನು ಹೇಳಬೇಕಾಗಿತ್ತು. ಹೇಳದಿದ್ದವರು ಕೆಲಸ ಕಳೆದುಕೊಳ್ಳಬೇಕಾಗಿತ್ತು. ಇದನ್ನು ನೇರವಾಗಿ ಆಡುವುದು ಕಷ್ಟವಾಗಿದ್ದಾಗ ನಾಟಕಕಾರರು ಚರಿತ್ರೆಯ ಮರೆಗೆ ಹೋದರು. ಆರ್ಥರ್ ಮಿಲ್ಲರ್ 1953ರಲ್ಲಿ ಹದಿನೇಳನೆಯ ಶತಮಾನದ ಮಾಟಗಾತಿಯರ ವಿಚಾರಣೆಯನ್ನು 'ದಿ ಕ್ರೂಸಿಬಲ್' ನಾಟಕದಲ್ಲಿ ತಂದದ್ದೂ ಇದೇ ಕಾರಣಕ್ಕೆ. ನಮ್ಮವರೇ ಆದ ಗಿರೀಶ ಕಾರ್ನಾಡರು 1964ರಲ್ಲಿ 'ತುಘಲಕ್' ನಾಟಕವನ್ನು ಪ್ರಕಟಿಸಿದಾಗ, ಓದಿದವರು ಹದಿನಾಲ್ಕನೆಯ ಶತಮಾನದ ದೆಹಲಿಯಲ್ಲಿ ತಮ್ಮ ಕಾಲದ ದೆಹಲಿಯನ್ನು ಕಂಡುದನ್ನು ಇಲ್ಲಿ ಸ್ಮರಿಸಬಹುದು.

ಬ್ರಾಡ್‌ವೇಯ ನಿರ್ಮಾಪಕರು ಮೊದಲು ಈ ನಾಟಕವನ್ನು ಮುಟ್ಟಲಿಲ್ಲ. ಟೆಕ್ಸಾಸಿನ ಡಲ್ಲಾಸ್ ನಗರದಲ್ಲಿ ಒಂದು ಚಿಕ್ಕ ರಂಗಮಂದಿರವನ್ನು ನಡೆಸುತ್ತಿದ್ದ ಮಾರ್ಗೋ ಜೋನ್ಸ್ ಎಂಬ ಮಹಿಳೆ ಧೈರ್ಯಮಾಡಿ 1955ರ ಜನವರಿಯಲ್ಲಿ ಅದನ್ನು ಪ್ರಯೋಗಿಸಿದರು. ಅಲ್ಲಿ ಜನ ಮೆಚ್ಚಿದ ಮೇಲೆ, ಅದೇ ವರ್ಷದ ಏಪ್ರಿಲ್ 21ರಂದು, ನ್ಯೂಯಾರ್ಕ್‌ನ ನ್ಯಾಷನಲ್ ಥಿಯೇಟರಿನಲ್ಲಿ ಪರದೆ ಎದ್ದಿತು. ಪಾಲ್ ಮ್ಯೂನಿ ಮುಖ್ಯ ಪಾತ್ರದಲ್ಲಿದ್ದನು. ಒಟ್ಟು 806 ಪ್ರಯೋಗಗಳಾದುವು. 1960ರಲ್ಲಿ ಸ್ಟ್ಯಾನ್ಲಿ ಕ್ರೇಮರ್ ಅದನ್ನು ಚಲನಚಿತ್ರವಾಗಿ ತೆಗೆದನು. ಅಂದಿನಿಂದ ಇಂದಿನವರೆಗೆ ಅಮೆರಿಕಾದ ಶಾಲಾಮಕ್ಕಳು ಓದುವ ನಾಟಕಗಳಲ್ಲಿ ಅದಕ್ಕೊಂದು ಸ್ಥಾನವಿದೆ.

ನಾಟಕದಲ್ಲಿ ಡೇಟನ್ ಹಿಲ್ಸ್‌ಬರೋ ಆಗಿದೆ. ಬ್ರಯನ್ ಬ್ರೇಡಿಯಾಗಿ, ಡ್ಯಾರೋ ಡ್ರಮಂಡ್ ಆಗಿ, ಸ್ಕೋಪ್ಸ್ ಕೇಟ್ಸ್ ಆಗಿ, ಪತ್ರಕರ್ತ ಮೆಂಕನ್ ಹಾರ್ನ್‌ಬೆಕ್ ಆಗಿ ಬರುತ್ತಾರೆ. ಇದು ಚರಿತ್ರೆಯಲ್ಲ, ಡೇಟನ್ನಿನ ಮೊಕದ್ದಮೆ ತಮಗೆ ಬೀಜ ಮಾತ್ರ, ಅಲ್ಲಿಯ ದಾಖಲೆಯಿಂದ ಎತ್ತಿಕೊಂಡ ಮಾತುಗಳು ಕೆಲವೇ ಕೆಲವು ಎಂದು ಕರ್ತೃಗಳು ಮುನ್ನುಡಿಯಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಕಾಲವನ್ನೂ ಬೇಕೆಂದೇ ಅಸ್ಪಷ್ಟವಾಗಿ ಬಿಟ್ಟಿದ್ದಾರೆ. ಆದ್ದರಿಂದ ಅವರು ಮೋಸ ಮಾಡಿದರೆಂದು ದೂರುವಂತಿಲ್ಲ. ಆದರೆ ಪ್ರೇಕ್ಷಕರು ಮುನ್ನುಡಿಯನ್ನು ಓದಿಕೊಂಡು ನಾಟಕಕ್ಕೆ ಬರುವುದಿಲ್ಲ. 1955ರಲ್ಲಿ ನ್ಯೂಯಾರ್ಕ್‌ನ ಪ್ರೇಕ್ಷಕನಿಗೆ ಬ್ರೇಡಿ ಯಾರೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬದಲಾಯಿಸಿದ ಹೆಸರುಗಳು ತೆಳ್ಳನೆಯ ಸೆರಗಿನಂತೆ. ಮುಖವನ್ನು ಮರೆಸುವುದಕ್ಕಿಂತ ಅದರ ಕಡೆಗೆ ಕಣ್ಣನ್ನು ಸೆಳೆಯುತ್ತವೆ.

ಪರದೆ ಎದ್ದಾಗ ಕೇಟ್ಸ್ ಸೆರೆಯಲ್ಲಿದ್ದಾನೆ. ಅವನನ್ನು ಪ್ರೀತಿಸುವ ಒಬ್ಬಳು ಹುಡುಗಿಯಿದ್ದಾಳೆ. ಅವಳ ತಂದೆ ಊರಿನ ಪಾದ್ರಿ, ಪ್ರಾರ್ಥನಾಸಭೆಯಲ್ಲಿ ಮಗಳ ಮೇಲೆಯೇ ಶಾಪ ಹಾಕುವಂಥ ಉಗ್ರ. ಈ ಇಬ್ಬರೂ ಕಲ್ಪಿತ ವ್ಯಕ್ತಿಗಳು. ಸವಾಲು ಜವಾಬು ಜ್ಯೂರಿಯ ಎದುರಿನಲ್ಲಿಯೇ ನಡೆಯುತ್ತದೆ. ಬ್ರೇಡಿ ಡಾರ್ವಿನ್ನನನ್ನು ಓದಿಯೇ ಇಲ್ಲ, ಓದುವ ಇಚ್ಛೆಯೂ ಅವನಿಗಿಲ್ಲ. ಕೊನೆಯಲ್ಲಿ ತಾನು ಸಿದ್ಧಪಡಿಸಿಕೊಂಡು ಬಂದಿದ್ದ ಭಾಷಣವನ್ನು ರೇಡಿಯೋದವರೂ ಕೇಳದಂತಾದಾಗ ಅವನು ಕುಸಿದುಬೀಳುತ್ತಾನೆ. ಎಲ್ಲರೂ ಹೋದ ಮೇಲೆ ಡ್ರಮಂಡ್ ಬೈಬಲನ್ನೂ ಡಾರ್ವಿನ್ನನ ಗ್ರಂಥವನ್ನೂ ಎರಡು ಕೈಗಳಲ್ಲಿ ತೂಗಿನೋಡಿ, ಎರಡನ್ನೂ ಒಟ್ಟಿಗೆ ಚೀಲದಲ್ಲಿಟ್ಟುಕೊಂಡು ಹೊರಡುತ್ತಾನೆ. ರಂಗದ ದೃಷ್ಟಿಯಿಂದ ಇದು ಎಷ್ಟು ಸೊಗಸಾದ ಮುಕ್ತಾಯವೆಂದರೆ, ನಾವು ಎಷ್ಟು ಸಲ ಓದಿದರೂ ಅಲ್ಲಿ ಮನಸ್ಸು ಕರಗುತ್ತದೆ. ನಿಜವಾದ ಡ್ಯಾರೋ ಇಂಥ ಸಮನ್ವಯದ ಮನುಷ್ಯನಾಗಿರಲಿಲ್ಲ. ಅವನ ಅಜ್ಞೇಯವಾದದಲ್ಲಿ ಬೈಬಲಿಗೆ ಅಷ್ಟು ಜಾಗವಿರಲಿಲ್ಲ.

ಇವೆಲ್ಲ ಮೇಲುಮೇಲಿನ ವ್ಯತ್ಯಾಸಗಳೆಂದು ಯಾರಾದರೂ ಹೇಳಬಹುದು. ಸೆರೆಮನೆ ಇದ್ದರೇನು, ಇಲ್ಲದಿದ್ದರೇನು? ಮುಖ್ಯವಾದ ಸತ್ಯ ಉಳಿದಿದೆಯಲ್ಲವೆ? ಆಲೋಚನೆಯ ಸ್ವಾತಂತ್ರ್ಯವನ್ನು ಕಾಯಿದೆಯಿಂದ ಕಟ್ಟಬಾರದೆಂಬುದೇ ಆ ಸತ್ಯವಾದರೆ, ಉಳಿದಿದೆ. 1955ರ ಅಮೆರಿಕಾಕ್ಕೆ ಆ ಮಾತು ಬೇಕಾಗಿತ್ತು. ಅದನ್ನು ಹೇಳಲು ಎದೆಗಾರಿಕೆಯೂ ಬೇಕಾಗಿತ್ತು. ಡೇಟನ್ನಿನಲ್ಲಿ ಇಲ್ಲದ ಭಯವನ್ನು ಹಿಲ್ಸ್‌ಬರೋಗೆ ತುಂಬಿದಾಗ ಕರ್ತೃಗಳು ತಮ್ಮ ಕಾಲದ ಭಯವನ್ನೇ ಅಲ್ಲಿಟ್ಟರು. ಈ ದೃಷ್ಟಿಯಿಂದ 'ಇನ್‌ಹೆರಿಟ್ ದಿ ವಿಂಡ್' 1955ನ್ನು ಕುರಿತ ಒಳ್ಳೆಯ ಆಕರ. ಅದನ್ನು 1925ರ ಆಕರವೆಂದು ಹಿಡಿದಾಗ ಕಷ್ಟಗಳು ಆರಂಭವಾಗುತ್ತವೆ. ಅವುಗಳಲ್ಲಿ ಸೆರೆಮನೆಗಿಂತ ದೊಡ್ಡದೊಂದಿದೆ. ಅದೆಂದರೆ ಬ್ರಯನ್ನನ ಕಾರಣಗಳು ನಾಟಕದಲ್ಲಿ ಇಲ್ಲದಿರುವುದು.

ಬ್ರಯನ್ ವಿಕಾಸವಾದವನ್ನು ವಿರೋಧಿಸಿದ್ದು ಬೈಬಲಿನ ಅಕ್ಷರಗಳಿಗಾಗಿ ಮಾತ್ರವಲ್ಲ. ಬಲಿಷ್ಠನು ಉಳಿಯುತ್ತಾನೆ, ದುರ್ಬಲನು ಅಳಿಯುತ್ತಾನೆ ಎಂಬ ತತ್ತ್ವವನ್ನು ಸಮಾಜಕ್ಕೆ ಅನ್ವಯಿಸಿದರೆ ಯುದ್ಧಕ್ಕೂ ಶೋಷಣೆಗೂ ವಿಜ್ಞಾನದ ಮುದ್ರೆ ಬೀಳುವುದೆಂದು ಅವನು ಹೆದರಿದ್ದನು. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಜರ್ಮನಿಯ ಸೇನಾಧಿಕಾರಿಗಳಲ್ಲಿ ಇಂಥ ಭಾವನೆ ಬೇರೂರಿತ್ತೆಂದು ಅವನು ನಂಬಿದ್ದನು. ಯುದ್ಧಕ್ಕೆ ದಾರಿಯಾಗುವುದೆಂದು ಅಂಜಿ 1915ರಲ್ಲಿ ಮಂತ್ರಿಪದವಿಯನ್ನೇ ಬಿಟ್ಟುಬಂದವನು ಅವನು. ಡೇಟನ್ನಿನಲ್ಲಿ ಡಾರ್ವಿನ್ನನ ಗ್ರಂಥದ ಭಾಗಗಳನ್ನು ಉಲ್ಲೇಖಿಸಿಯೇ ಮಾತನಾಡಿದನು. ಹಂಟರನ ಪುಸ್ತಕದಲ್ಲಿ ಪ್ರಾಣಿವರ್ಗಗಳನ್ನು ವೃತ್ತಗಳಿಂದ ತೋರಿಸಿರುವ ಚಿತ್ರವನ್ನು ಎತ್ತಿಹಿಡಿದು, 3,500 ಬಗೆಯ ಸಸ್ತನಿಗಳ ಒಂದು ಪುಟ್ಟ ವೃತ್ತದೊಳಗೆ ಮನುಷ್ಯನನ್ನೂ ತುರುಕಿಬಿಟ್ಟಿದ್ದಾರೆಂದು ಹಾಸ್ಯ ಮಾಡಿದನು. ಡ್ಯಾರೋ ಅಂತಿಮ ವಾದವನ್ನು ಬಿಟ್ಟುಕೊಟ್ಟ ಕಾರಣದಿಂದ ಬ್ರಯನ್ ತನ್ನ ಕೊನೆಯ ಭಾಷಣವನ್ನು ಮಾಡಲಾಗಲಿಲ್ಲ. ಅದನ್ನು ಅಚ್ಚಿಗೆ ಕೊಡುವ ಕೆಲಸದಲ್ಲಿಯೇ ಅವನ ಕಡೆಯ ದಿನಗಳು ಕಳೆದುವು. ಆ ಭಾಷಣದಲ್ಲಿ, ತಾವೇ ಶ್ರೇಷ್ಠರೆಂದು ಭಾವಿಸಿಕೊಂಡ ಕೆಲವರು ಉಳಿದ ಜನ ಯಾರನ್ನು ಮದುವೆಯಾಗಬೇಕು, ಯಾರು ಸಂತಾನ ಪಡೆಯಬೇಕು ಎಂದು ಗೊತ್ತುಮಾಡುವ ಯೋಜನೆಯನ್ನು ಅವನು ಖಂಡಿಸಿದ್ದಾನೆ.

ಅದು ಕಲ್ಪನೆಯ ಭೂತವಾಗಿರಲಿಲ್ಲ. ಸ್ಕೋಪ್ಸ್ ಕೈಯಲ್ಲಿದ್ದ ಅದೇ ಪಠ್ಯಪುಸ್ತಕ ಮನುಷ್ಯರನ್ನು ಐದು ಜನಾಂಗಗಳಾಗಿ ವಿಂಗಡಿಸಿ, ಯೂರೋಪ್ ಅಮೆರಿಕಾಗಳ ಬಿಳಿಯರು ಎಲ್ಲರಿಗಿಂತ ಮೇಲೆಂದು ಹೇಳುತ್ತದೆ. ಕುಲದಲ್ಲಿ ದೋಷವಿರುವ ಕುಟುಂಬಗಳು ಸಮಾಜಕ್ಕೆ ಅಂಟಿದ ಪರೋಪಜೀವಿಗಳೆಂದು ಬಣ್ಣಿಸಿ, ಅಂಥವರಿಗೆ ಸಂತಾನವಾಗದಂತೆ ನೋಡಿಕೊಳ್ಳಬೇಕೆಂಬ ಸುಜನನಶಾಸ್ತ್ರದ ಪಾಠವೂ ಅದರಲ್ಲಿದೆ. ವಿಜ್ಞಾನದ ಪರವಾಗಿ ಕಣ್ಣೀರಿಡುವ ಪ್ರೇಕ್ಷಕನಿಗೆ ಆ ಪುಟಗಳು ಕಾಣುವುದಿಲ್ಲ. ನಮ್ಮ ದೇಶದ ವಿದ್ಯಾರ್ಥಿಗೆ ಅವು ಕಾಣಲೇಬೇಕು. ಏಕೆಂದರೆ ಆ ಐದರ ಪಟ್ಟಿಯಲ್ಲಿ ನಾವು ಮೇಲಿನ ಮೆಟ್ಟಿಲಲ್ಲಿರಲಿಲ್ಲ.

ಹಾಗೆಂದು ಬ್ರಯನ್ನನನ್ನು ದೀನಬಂಧುವನ್ನಾಗಿ ಮಾಡುವುದೂ ಸರಿಯಲ್ಲ. 1924ರ ಡೆಮಾಕ್ರಟಿಕ್ ಸಮ್ಮೇಳನದಲ್ಲಿ, ಕಪ್ಪು ಜನರನ್ನು ಪೀಡಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಸಂಘವನ್ನು ಹೆಸರಿಸಿ ಖಂಡಿಸುವ ನಿರ್ಣಯಕ್ಕೆ ಅವನು ಅಡ್ಡಬಂದನು. ಇತ್ತ ಡ್ಯಾರೋವಾದರೋ, ಡೇಟನ್ನಿನ ಮರುವರ್ಷವೇ, ಮೆಂಕನ್ನನ ಮಾಸಪತ್ರಿಕೆಯಲ್ಲಿ ಸುಜನನಶಾಸ್ತ್ರದ ಮೇಲೆ ತೀಕ್ಷ್ಣವಾದ ಲೇಖನವೊಂದನ್ನು ಬರೆದನು. ಹುಲ್ಲುಹಾಸಿನ ಮೇಲೆ ಎದುರುಬದುರಾಗಿ ಕುಳಿತವರಿಬ್ಬರೂ ಈ ಒಂದು ವಿಷಯದಲ್ಲಿ ಒಂದೇ ಪಕ್ಷದಲ್ಲಿದ್ದರು! ಇದಕ್ಕಿಂತ ನಾಟಕೀಯವಾದ ಸಂಗತಿ ಬೇಕೆ? ನಾಟಕಕಾರರಿಬ್ಬರಲ್ಲಿ ಒಬ್ಬರಾದರೂ ಇನ್ನೊಬ್ಬರ ಮಾತನ್ನು ಈ ಸ್ಥಳದಲ್ಲಿ ತಡೆದಿದ್ದರೆ ಎಂದು ನಮಗೆ ಅನಿಸುವುದುಂಟು. ಬ್ರೇಡಿಗೆ ಕರ್ತೃಗಳು ಅನುಕಂಪವನ್ನು ಧಾರಾಳವಾಗಿ ಕೊಟ್ಟಿದ್ದಾರೆ. ಡ್ರಮಂಡನ ಬಾಯಿಂದಲೇ ಅವನ ಹಿರಿಮೆಯನ್ನು ಹೇಳಿಸಿದ್ದಾರೆ. ವಾದವನ್ನು ಮಾತ್ರ ಕೊಡಲಿಲ್ಲ.

ನಾಟಕದ ಕೊನೆ ಇನ್ನೊಂದು ಭ್ರಮೆಯನ್ನೂ ಹುಟ್ಟಿಸುತ್ತದೆ. ತೀರ್ಪಿನಲ್ಲಿ ಸೋತರೂ ವಿಜ್ಞಾನ ಗೆದ್ದಿತೆಂಬ ಭಾವದಿಂದ ಪ್ರೇಕ್ಷಕರು ಮನೆಗೆ ಹೋಗುತ್ತಾರೆ. ನಡೆದದ್ದು ಬೇರೆ. ಪ್ರಕಾಶಕರು ಹೆದರಿದರು. ಹಂಟರನ ಪುಸ್ತಕವೇ ಮರುವರ್ಷ ಪರಿಷ್ಕೃತವಾಗಿ ಬಂದಾಗ ಅದರಲ್ಲಿ ವಿಕಾಸವಾದದ ಭಾಗ ಮೊಟಕಾಗಿತ್ತು. ಅಮೆರಿಕಾದ ಶಾಲಾಪುಸ್ತಕಗಳಲ್ಲಿ ಆ ವಿಷಯ ಮತ್ತೆ ತಲೆಯೆತ್ತಲು ಹಲವು ದಶಕಗಳೇ ಬೇಕಾದುವು. ಇಂಥ ನಿಷೇಧಗಳು ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1968ರಲ್ಲಿ, ಆರ್ಕನ್ಸಾ ಸಂಸ್ಥಾನದ ಒಂದು ಮೊಕದ್ದಮೆಯಲ್ಲಿ. ಎಡ್ವರ್ಡ್ ಲಾರ್ಸನ್ ಎಂಬ ಇತಿಹಾಸಕಾರರು 1997ರ ತಮ್ಮ ಗ್ರಂಥದಲ್ಲಿ, ಮೊಕದ್ದಮೆಯ ಜೊತೆಗೆ ಅದರ ಸುತ್ತ ಬೆಳೆದ ಕಥೆಯ ಚರಿತ್ರೆಯನ್ನೂ ಬರೆದು, ಆ ಬೆಳವಣಿಗೆಯಲ್ಲಿ ಈ ನಾಟಕದ ಪಾಲೆಷ್ಟೆಂಬುದನ್ನು ತೋರಿಸಿಕೊಟ್ಟಿದ್ದಾರೆ.

ಅದೇ ಲೇಖಕದ್ವಯ ಹದಿನೈದು ವರ್ಷಗಳ ತರುವಾಯ ಇನ್ನೊಂದು ಸೆರೆಮನೆಯನ್ನು ರಂಗದ ಮೇಲೆ ತಂದರು. ಈ ಸಲ ಸೆರೆಮನೆ ನಿಜವಾದದ್ದು. 1846ರ ಜುಲೈ ತಿಂಗಳಿನಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಕಾಂಕರ್ಡ್ ಊರಿನಲ್ಲಿ, ಹೆನ್ರಿ ಡೇವಿಡ್ ಥೋರೋ ಹಲವು ವರ್ಷಗಳಿಂದ ತಲೆಗಂದಾಯವನ್ನು ಕೊಟ್ಟಿಲ್ಲವೆಂದು ತೆರಿಗೆ ವಸೂಲಿಗಾರ ಸ್ಯಾಮ್ ಸ್ಟೇಪಲ್ಸ್ ಅವನನ್ನು ಒಂದು ರಾತ್ರಿ ಸೆರೆಯಲ್ಲಿಟ್ಟನು. ಗುಲಾಮಗಿರಿಯನ್ನು ಸಹಿಸುವ, ಮೆಕ್ಸಿಕೋದ ಮೇಲೆ ಯುದ್ಧಕ್ಕೆ ಹೋದ ಸರ್ಕಾರಕ್ಕೆ ತಾನು ಹಣ ಕೊಡುವುದಿಲ್ಲವೆಂಬುದು ಥೋರೋವಿನ ವಾದ. ಯಾರೋ ಗುಟ್ಟಾಗಿ ಕಂದಾಯವನ್ನು ಕಟ್ಟಿದ್ದರಿಂದ ಮರುದಿನ ಬೆಳಿಗ್ಗೆ ಬಿಡುಗಡೆಯಾಯಿತು. 1849ರಲ್ಲಿ ಅಚ್ಚಾದ ಅವನ ಪ್ರಬಂಧ ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿಯವರ ಕೈಸೇರಿ, 1907ರಲ್ಲಿ 'ಇಂಡಿಯನ್ ಒಪೀನಿಯನ್' ಪತ್ರಿಕೆಯ ಮೂಲಕ ಅಲ್ಲಿಯ ಭಾರತೀಯರಿಗೆ ಪರಿಚಯವಾದ ಸಂಗತಿ ನಮ್ಮ ವಿದ್ಯಾರ್ಥಿಗಳಿಗೆ ತಿಳಿದದ್ದೇ.

'ದಿ ನೈಟ್ ಥೋರೋ ಸ್ಪೆಂಟ್ ಇನ್ ಜೇಲ್' ಎಂಬ ಈ ನಾಟಕ 1970ರ ಏಪ್ರಿಲಿನಲ್ಲಿ ಒಹಾಯೋ ಸಂಸ್ಥಾನ ವಿಶ್ವವಿದ್ಯಾನಿಲಯದಲ್ಲಿ ಮೊದಲು ಪ್ರಯೋಗವಾಯಿತು. ಬ್ರಾಡ್‌ವೇಯನ್ನು ಕರ್ತೃಗಳು ಬೇಕೆಂದೇ ಬಿಟ್ಟರು. ಹೊಸ ನಾಟಕಗಳು ನ್ಯೂಯಾರ್ಕಿನ ಹಂಗಿಲ್ಲದೆ ವಿಶ್ವವಿದ್ಯಾನಿಲಯಗಳ ಮತ್ತು ಪ್ರಾಂತ್ಯಗಳ ರಂಗಮಂದಿರಗಳಿಗೆ ನೇರವಾಗಿ ಹೋಗಲೆಂದು ತಾವೇ ಮುಂದಾಗಿ ಕಟ್ಟಿದ್ದ ಸಂಘದ ಮೂಲಕ ಅದನ್ನು ದೇಶದ ನೂರಕ್ಕೂ ಹೆಚ್ಚು ರಂಗಗಳಿಗೆ ಕೊಟ್ಟರು. ಆಗ ವಿಯಟ್ನಾಮಿನ ಯುದ್ಧ ನಡೆಯುತ್ತಿತ್ತು. ಮೊದಲ ಪ್ರಯೋಗವಾಗಿ ಎರಡು ವಾರ ಕಳೆಯುವಷ್ಟರಲ್ಲಿ, ಮೇ 4ರಂದು, ಅದೇ ಒಹಾಯೋದ ಕೆಂಟ್ ವಿಶ್ವವಿದ್ಯಾನಿಲಯದಲ್ಲಿ ಯುದ್ಧವಿರೋಧಿ ಪ್ರದರ್ಶನದ ಮೇಲೆ ಸೈನಿಕರು ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿಗಳು ಸತ್ತರು. ಆ ತಿಂಗಳು ನಾಟಕವನ್ನು ನೋಡಿದವರಿಗೆ ಥೋರೋ ಯಾರೊಡನೆ ಮಾತನಾಡುತ್ತಿದ್ದಾನೆಂಬುದು ವಿವರಣೆಯಿಲ್ಲದೆ ತಿಳಿದಿರಬೇಕು.

ಈ ನಾಟಕದಲ್ಲಿ ಹೆಸರುಗಳೆಲ್ಲ ನಿಜವಾದುವು: ಥೋರೋ, ಎಮರ್ಸನ್, ಸ್ಟೇಪಲ್ಸ್. ಆದರೆ ಕಾಲಕ್ರಮವಿಲ್ಲ. ಸೆರೆಮನೆಯ ಕೋಣೆ ರಂಗದ ಮೇಲೆ ಯಾವಾಗಲೂ ಇರುತ್ತದೆ. ಅದರ ಸುತ್ತ ಹಿಂದಿನದು ಮುಂದಿನದು ನೆನಪಿನ ಓಟಕ್ಕೆ ತಕ್ಕಂತೆ ಬಂದುಹೋಗುತ್ತವೆ. ಅಣ್ಣ ಜಾನನ ಸಾವು, ಹುಡುಗರನ್ನು ಹೊಡೆಯಬೇಕೆಂಬ ಶಾಲೆಯ ಕಟ್ಟಳೆಯನ್ನು ವಿರೋಧಿಸಿ ಕೆಲಸ ಬಿಟ್ಟದ್ದು, ಎಮರ್ಸನ್ನನ ಮನೆಯ ವಾಸ ಇವೆಲ್ಲ ಹೀಗೆ ಬರುತ್ತವೆ. ಕೊನೆಗೆ ಒಂದು ದುಃಸ್ವಪ್ನದಲ್ಲಿ ಕಾಂಕರ್ಡಿನ ಪರಿಚಿತರೇ ಮೆಕ್ಸಿಕೋ ಯುದ್ಧದ ಸೈನಿಕರಾಗಿ ಕಾಣಿಸಿಕೊಳ್ಳುತ್ತಾರೆ. ಶಾಲೆಯ ಮೇಲಾಧಿಕಾರಿ ದಂಡನಾಯಕನಾಗುತ್ತಾನೆ, ಎಮರ್ಸನ್ ರಾಷ್ಟ್ರಾಧ್ಯಕ್ಷನಾಗುತ್ತಾನೆ! ಎಮರ್ಸನ್ ಸೆರೆಮನೆಯ ಬಳಿ ಬಂದು ಒಳಗೇಕಿದ್ದೀಯೆಂದು ಕೇಳಿದಾಗ, ಹೊರಗೇಕಿದ್ದೀಯೆಂದು ಥೋರೋ ಮರುಪ್ರಶ್ನೆ ಹಾಕಿದನೆಂಬ ಹಳೆಯ ದಂತಕಥೆಯನ್ನೂ ಕರ್ತೃಗಳು ಬಿಟ್ಟಿಲ್ಲ. ಅದಕ್ಕೆ ಸಮಕಾಲೀನ ಆಧಾರವಿಲ್ಲ.

ಸಂಗತಿಗಳ ಲೆಕ್ಕ ಹಿಡಿದರೆ ಇಲ್ಲಿಯೂ ಸ್ವಾತಂತ್ರ್ಯ ಕಡಮೆಯೇನಲ್ಲ. ಆದರೂ ಈ ನಾಟಕವನ್ನು ಓದಿದ ಯಾವ ವಿದ್ಯಾರ್ಥಿಯೂ ಎಮರ್ಸನ್ ಅಮೆರಿಕಾದ ರಾಷ್ಟ್ರಾಧ್ಯಕ್ಷನಾಗಿದ್ದನೆಂದು ಬರೆಯಲಾರನು. ಕನಸಿನ ರೂಪವೇ ಅವನನ್ನು ಎಚ್ಚರಿಸುತ್ತದೆ. ಡೇಟನ್ನಿನ ನಾಟಕದಲ್ಲಿ ಹೆಸರುಗಳು ಸುಳ್ಳು, ರೂಪ ಮಾತ್ರ ನ್ಯಾಯಸ್ಥಾನದ ಕಲಾಪದ್ದು: ಪ್ರಮಾಣವಚನ, ಸಾಕ್ಷಿಯ ಕಟಕಟೆ, ಪಾಟೀಸವಾಲು, ತೀರ್ಪು. ಇಂಥ ರೂಪವನ್ನು ಕಂಡೊಡನೆ ಇದು ಬರೆದಿಟ್ಟ ದಾಖಲೆ ಎಂಬ ನಂಬಿಕೆ ನಮಗರಿಯದೆಯೇ ಹುಟ್ಟುತ್ತದೆ. ಚಾರಿತ್ರಿಕ ನಾಟಕದಲ್ಲಿ ಹೆಸರುಗಳನ್ನು ಬದಲಾಯಿಸುವುದು ಪ್ರಾಮಾಣಿಕತೆಯ ಗುರುತೆಂದು ಸಾಮಾನ್ಯವಾಗಿ ಭಾವಿಸುತ್ತೇವೆ; ಈ ಎರಡು ನಾಟಕಗಳನ್ನು ಜೊತೆಯಲ್ಲಿಟ್ಟು ಓದಿದಾಗ ಆ ಭಾವನೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಹೆಸರಿಗಿಂತ ರೂಪವೇ ಹೆಚ್ಚು ಸಾಕ್ಷ್ಯ ನುಡಿಯುತ್ತದೆ.

ಹಿಂದಿನ ನಾಟಕದಿಂದ ಪಾಠ ಕಲಿತು ಕರ್ತೃಗಳು ಹೀಗೆ ಮಾಡಿದರೆಂದು ಹೇಳಲು ನಮ್ಮಲ್ಲಿ ಆಧಾರವಿಲ್ಲ. ಮೊಕದ್ದಮೆಯಲ್ಲಿ ಇಬ್ಬರು ಎದುರಾಳಿಗಳು ಬೇಕು. ಒಂದು ರಾತ್ರಿಯ ಸೆರೆವಾಸದಲ್ಲಿ ಮನಸ್ಸೊಂದೇ ಸಾಕು. ವಸ್ತುವೇ ರೂಪವನ್ನು ಗೊತ್ತುಮಾಡಿದ್ದರೂ ಇರಬಹುದು. ಇಬ್ಬರ ಜಗಳಕ್ಕಿಂತ ಒಬ್ಬನ ನೆನಪನ್ನು ಇಬ್ಬರು ಕೂಡಿ ಬರೆಯುವುದು ಹೆಚ್ಚು ಕಷ್ಟವೆಂಬುದನ್ನೂ, ಥೋರೋ ನಾಟಕದಲ್ಲಿ ಎಲ್ಲಿಯೂ ಎರಡು ಕೈಗಳ ಬೆಸುಗೆ ಕಾಣುವುದಿಲ್ಲವೆಂಬುದನ್ನೂ ಇಲ್ಲಿ ಹೇಳಿದರೆ ಸಾಕು.

ಉತ್ತರಪತ್ರಿಕೆಗಳ ವಿಷಯ. ಆ ವರ್ಷ ನಾವು ಅಂಕಗಳನ್ನು ಕಳೆಯಲಿಲ್ಲ. ಅಂಚಿನಲ್ಲಿ ಗುರುತು ಹಾಕಿ ಬಿಟ್ಟೆವು. ಮುಂದಿನ ವರ್ಷದಿಂದ ನಾಟಕದ ಎರಡನೆಯ ಅಂಕವನ್ನೂ, ಜುಲೈ 20ರ ಮಧ್ಯಾಹ್ನದ ಕಲಾಪದ ಅಚ್ಚಾದ ವರದಿಯನ್ನೂ, ಹಂಟರನ ಪುಸ್ತಕದ ನಾಲ್ಕು ಪುಟಗಳನ್ನೂ ಒಟ್ಟಿಗೆ ಕೊಟ್ಟು ಓದಿಸುತ್ತಿದ್ದೇವೆ. ನಾಟಕವನ್ನು ಓದುವಾಗ ತರಗತಿ ನಗುತ್ತದೆ, ಬ್ರೇಡಿಯ ಅವಸ್ಥೆಗೆ ಮರುಗುತ್ತದೆ. ವರದಿಯನ್ನು ಓದುವಾಗ ಅಷ್ಟು ಉತ್ಸಾಹವಿರುವುದಿಲ್ಲ. ಹಂಟರನ ಜನಾಂಗಗಳ ಪಟ್ಟಿಗೆ ಬಂದಾಗ ಮಾತು ನಿಲ್ಲುತ್ತದೆ. ಒಬ್ಬ ವಿದ್ಯಾರ್ಥಿನಿ, ಹಾಗಾದರೆ ಈ ಪುಸ್ತಕವನ್ನು ನಿಷೇಧಿಸಿದ್ದೇ ಒಳ್ಳೆಯದಾಯಿತಲ್ಲವೆ ಎಂದು ಕೇಳಿದಳು. ಕಾಯಿದೆ ನಿಷೇಧಿಸಿದ್ದು ಆ ಪುಟಗಳನ್ನಲ್ಲ, ಬೇರೆ ಪುಟಗಳನ್ನು ಎಂದು ಇನ್ನೊಬ್ಬನು ಉತ್ತರ ಕೊಟ್ಟನು. ಗಂಟೆ ಬಾರಿಸಿದ ಮೇಲೆಯೂ ಅವರಿಬ್ಬರ ವಾದ ಮೊಗಸಾಲೆಯಲ್ಲಿ ನಡೆದೇ ಇತ್ತು.